ಸುರಕ್ಷತೆಯ ಕೆಲಸಕ್ಕೆ ಸದಸ್ಯತ್ವ: ನಮ್ಮ ಮಕ್ಕಳಿಗೆ ದಾರಿಯುಂಟೇ?



ಎಸ್ಟೇಟಿನ ಲೈನುಗಳಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಹಲವರು ಈಗ ತೋಟದ ಕೆಲಸಕ್ಕೆ ಇಳಿಯುವುದಿಲ್ಲ. ಕೊಯಮತ್ತೂರು, ಬೆಂಗಳೂರುಗಳಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಡಿಪ್ಲೊಮಾ ಓದಿದವರು ಗಲ್ಫ್ ದೇಶಗಳ ಕಡೆಗೂ ನೋಡುತ್ತಾರೆ. ಅಂಥವರ ಕಿವಿಗೆ ಬೀಳುತ್ತಿರುವ ಮಾತು ‘ಸೇಫ್ಟಿ ಕೋರ್ಸು’. ಕೋರ್ಸು ಬೇಗನೆ ಮುಗಿಯುತ್ತದೆ, ಮುಗಿದೊಡನೆ ಇಂಗ್ಲೆಂಡಿನ ಸಂಸ್ಥೆಯ ಸದಸ್ಯತ್ವ ಸಿಗುತ್ತದೆ, ಹೆಸರಿನ ಮುಂದೆ ಅಕ್ಷರಗಳು ಬರುತ್ತವೆ, ಆಮೇಲೆ ಸಂಬಳಕ್ಕೆ ಕೊರತೆಯಿಲ್ಲ ಎಂದು ಹೇಳಿ ದುಡ್ಡು ಕಟ್ಟಿಸಿಕೊಳ್ಳುವವರಿದ್ದಾರೆ. ತಾಯಿಯ ಓಲೆ ಅಡವಿಟ್ಟು ಆ ಹಣ ಕಟ್ಟುವ ಮುಂಚೆ, ಈ ಸದಸ್ಯತ್ವವೆಂದರೇನು, ಅದು ಯಾವ ಕೆಲಸಕ್ಕಾಗಿ ಹುಟ್ಟಿತು, ಅದರಲ್ಲಿ ನಮ್ಮಂಥವರಿಗೆ ಎಷ್ಟು ಜಾಗವುಂಟು ಎಂಬುದನ್ನು ವಿಚಾರಿಸಬೇಕು. ಕೆಲಸವು ಯೋಗ್ಯವಾದದ್ದು, ನಮ್ಮ ಮಕ್ಕಳು ಅದಕ್ಕೆ ತಕ್ಕವರು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಹಣ ಕೊಟ್ಟು ಕೊಳ್ಳುವ ಅಕ್ಷರಗಳಿಂದ ಅದು ಆರಂಭವಾಗುವುದಿಲ್ಲ.

ಮೊದಲು ಕೆಲಸವನ್ನೇ ನೋಡೋಣ. ಸುರಕ್ಷತಾ ಸಂಯೋಜಕನೆಂದರೆ ಯಾರು ಹೆಲ್ಮೆಟ್ಟು ಹಾಕಿದ್ದಾರೆ, ಯಾರು ಹಾಕಿಲ್ಲ ಎಂದು ಎಣಿಸುತ್ತ ತಿರುಗುವವನಲ್ಲ. ಐರೋಪ್ಯ ಸಮುದಾಯವು 1992ರ ಜೂನ್ 24ರಂದು ಕಟ್ಟಡ ಕೆಲಸದ ಸ್ಥಳಗಳ ಬಗ್ಗೆ ಒಂದು ನಿರ್ದೇಶನ ಹೊರಡಿಸಿತು. ಅದರ ಪೀಠಿಕೆಯಲ್ಲಿ ಒಂದು ಮುಖ್ಯ ಸಂಗತಿಯಿದೆ. ಕಟ್ಟಡ ಸ್ಥಳಗಳಲ್ಲಿ ನಡೆಯುವ ಅಪಘಾತಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಿಗೆ, ಕೆಲಸ ಆರಂಭವಾಗುವ ಮುಂಚಿನ ನಕ್ಷೆ, ಏರ್ಪಾಡು, ಯೋಜನೆಗಳ ದೋಷವೂ ಕಾರಣವಂತೆ. ಅಂದರೆ ಮೇಲಿನಿಂದ ಬಿದ್ದವನ ಕಾಲು ಜಾರುವುದಕ್ಕೆ ತಿಂಗಳುಗಳ ಮೊದಲೇ, ಆಫೀಸಿನ ಮೇಜಿನ ಮೇಲೆ, ಅವನ ಬೀಳುವಿಕೆಗೆ ಎಡೆಯಾಗಿರುತ್ತದೆ. ‘ಕೂಲಿಯವನ ಅಜಾಗ್ರತೆ’ ಎಂದು ರಿಜಿಸ್ಟರಿನಲ್ಲಿ ಬರೆದು ಕೈತೊಳೆದುಕೊಳ್ಳುವುದನ್ನು ತೋಟದಲ್ಲೂ ಕಂಡಿರುವ ನಮಗೆ ಈ ಮಾತಿನ ಬೆಲೆ ಗೊತ್ತು.

ಆದುದರಿಂದಲೇ, ಒಬ್ಬರಿಗಿಂತ ಹೆಚ್ಚು ಕಂಟ್ರಾಕ್ಟರರು ಸೇರಿ ಕೆಲಸ ಮಾಡುವ ಕಡೆಯಲ್ಲೆಲ್ಲ ನಕ್ಷೆ ಬರೆಯುವಾಗಲೂ ಕಟ್ಟುವಾಗಲೂ ಸಂಯೋಜಕರು ಇರಬೇಕೆಂದು ಆ ನಿರ್ದೇಶನ ವಿಧಿಸಿತು. ಒಬ್ಬ ಕಂಟ್ರಾಕ್ಟರನ ಆಳುಗಳು ಕೆಳಗೆ ಪಾಯ ತೋಡುತ್ತಿರುವಾಗ ಇನ್ನೊಬ್ಬನವರು ಅವರ ತಲೆಯ ಮೇಲೆ ಕಬ್ಬಿಣ ಎತ್ತುತ್ತಾರೆ. ಗಾರೆಯವರು ನಿಂತಿರುವ ಸಾರುವೆಯ ಕಟ್ಟನ್ನು ಬಣ್ಣದವರು ತಮ್ಮ ಅನುಕೂಲಕ್ಕೆ ಬಿಚ್ಚುತ್ತಾರೆ. ಅವರವರ ಕೆಲಸ ಅವರವರಿಗೆ ಸರಿ, ನಡುವಿನದನ್ನು ನೋಡುವವರು ಯಾರೂ ಇಲ್ಲ. ಆ ನಡುವಿನ ಜಾಗವೇ ಸಂಯೋಜಕನ ಹೊಲ. ವಿಚಾರ ಹೊಸದೇನೂ ಅಲ್ಲ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಅಡ್ಡಗೋಡೆ ಕಟ್ಟಬೇಕೆಂಬ ವಿಧಿ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿಯೇ ಇದೆ. ಅಲ್ಲಿ ಹೊಣೆ ಕಟ್ಟಿಸುವವನ ಮೇಲಿದೆಯೇ ಹೊರತು ಬಿದ್ದವನ ಮೇಲಲ್ಲ.

ಇನ್ನು ಸದಸ್ಯತ್ವದ ಕಥೆ. ಬ್ರಿಟನ್ನು ಈ ನಿರ್ದೇಶನವನ್ನು 1994ರ ನಿಯಮಗಳ ಮೂಲಕ ತಂದು 1995ರ ಮಾರ್ಚ್ 31ರಿಂದ ಜಾರಿ ಮಾಡಿತು. ಆಗ ಈ ಹುದ್ದೆಗೆ ‘ಪ್ಲಾನಿಂಗ್ ಸೂಪರ್‌ವೈಸರ್’ ಎಂಬ ಹೆಸರು. ಆ ಕೆಲಸದವರು ಅದೇ ವರ್ಷ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಅದೇ ಈಗಿನ ಅಸೋಸಿಯೇಶನ್ ಫಾರ್ ಪ್ರಾಜೆಕ್ಟ್ ಸೇಫ್ಟಿ. 2007ರ ಏಪ್ರಿಲ್ 6ರಿಂದ ಹೊಸ ನಿಯಮ ಬಂದು ಹುದ್ದೆಯ ಹೆಸರು ‘ಸಿಡಿಎಂ ಕೋಆರ್ಡಿನೇಟರ್’ ಎಂದಾಯಿತು. ಒಬ್ಬನು ಈ ಕೆಲಸಕ್ಕೆ ಯೋಗ್ಯನೋ ಅಲ್ಲವೋ ಎಂದು ತಿಳಿಯಲು ಸರಕಾರದ ಕೈಪಿಡಿಯೇ ಕೆಲವು ಗುರುತುಗಳನ್ನು ಕೊಟ್ಟಿತು. ಇಂಥ ಸಂಘದ ಸದಸ್ಯತ್ವ, ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಸುರಕ್ಷತಾ ಪಟ್ಟಿಯಲ್ಲಿ ಹೆಸರು, ನೆಬೋಷ್ ಕಟ್ಟಡ ಸರ್ಟಿಫಿಕೇಟು ಮುಂತಾದವು. ಅವುಗಳ ಜೊತೆಗೆ ಅಂಥದೇ ಕೆಲಸ ಮಾಡಿದ ಅನುಭವವೂ ಬೇಕಿತ್ತು. ಆದರೆ ಕಣ್ಣಿಗೆ ಬೀಳುವುದು ಅಕ್ಷರಗಳಲ್ಲವೇ? ಸದಸ್ಯತ್ವ ಕೆಲಸದ ಬಾಗಿಲಾಯಿತು.

ಎಂಟೇ ವರ್ಷ. 2015ರ ಏಪ್ರಿಲ್ 6ರಂದು ಬ್ರಿಟನ್ನು ಆ ಹುದ್ದೆಯನ್ನೇ ತೆಗೆದುಹಾಕಿತು. ಸಂಯೋಜಕರನ್ನು ತಡವಾಗಿ ನೇಮಿಸುತ್ತಾರೆ, ಅವರು ನಕ್ಷೆ ಬರೆಯುವವರ ಗುಂಪಿಗೆ ಸೇರದೆ ಹೊರಗೇ ನಿಲ್ಲುತ್ತಾರೆ, ಕಾಗದ ಬೆಳೆಯುತ್ತದೆಯೇ ಹೊರತು ಅದಕ್ಕೆ ತಕ್ಕ ಫಲ ಕಾಣುವುದಿಲ್ಲ ಎಂಬುದು ದೂರು. ಕೆಲಸವು ನಕ್ಷೆಯ ಗುಂಪಿನೊಳಗೇ ಇರುವ ‘ಪ್ರಿನ್ಸಿಪಲ್ ಡಿಸೈನರ್’ ಎಂಬವರ ಹೆಗಲಿಗೆ ಹೋಯಿತು. ಇದರಿಂದ ಸದಸ್ಯತ್ವವೇ ಸುಳ್ಳೆಂದು ನಾನು ಹೇಳುವುದಿಲ್ಲ. ಹುದ್ದೆಯ ಹೆಸರು ಕಾಯಿದೆಯ ಒಂದು ಸಾಲಿನಲ್ಲಿ ಬರುತ್ತದೆ, ಇನ್ನೊಂದು ಸಾಲಿನಲ್ಲಿ ಹೋಗುತ್ತದೆ. ಸಾರುವೆ ಎಲ್ಲಿ ಕುಸಿಯುತ್ತದೆ, ಮಣ್ಣು ಯಾವಾಗ ಜರಿಯುತ್ತದೆ ಎಂಬ ತಿಳಿವಳಿಕೆಯನ್ನು ಯಾವ ತಿದ್ದುಪಡಿಯೂ ರದ್ದು ಮಾಡಲಾರದು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು, ಏಕೆಂದರೆ ದುಡ್ಡು ಕೀಳುವವರು ಇದರ ಮರೆಯಲ್ಲಿಯೇ ನಿಲ್ಲುತ್ತಾರೆ. ಪರೀಕ್ಷೆ ಬೇರೆ, ಸದಸ್ಯತ್ವ ಬೇರೆ. ನೆಬೋಷ್ ಎಂಬುದು 1979ರಲ್ಲಿ ಸ್ಥಾಪನೆಯಾದ ಪರೀಕ್ಷಾ ಮಂಡಲಿ. ಐಒಎಸ್‌ಎಚ್ ಎಂಬುದು 1945ರಲ್ಲಿ ಹುಟ್ಟಿದ, ಸುರಕ್ಷತೆಯ ಕೆಲಸದವರ ಸಂಸ್ಥೆ. ಮೊದಲನೆಯದರಲ್ಲಿ ಪಾಸಾದ ಮಾತ್ರಕ್ಕೆ ಎರಡನೆಯದರ ಸದಸ್ಯರಾಗುವುದಿಲ್ಲ. ಅರ್ಜಿ ಹಾಕಬೇಕು. ಸದಸ್ಯತ್ವದಲ್ಲಿ ಮೆಟ್ಟಿಲುಗಳಿವೆ, ಮೇಲಿನ ಮೆಟ್ಟಿಲಿಗೆ ಅನುಭವವನ್ನು ತೋರಿಸಬೇಕು. ವರ್ಷ ವರ್ಷವೂ ಚಂದಾ ಕಟ್ಟಬೇಕು, ಹೊಸದನ್ನು ಕಲಿಯುತ್ತಿರುವೆನೆಂದು ಲೆಕ್ಕ ಕೊಡಬೇಕು, ನಡತೆಯ ನಿಯಮಕ್ಕೆ ಒಳಪಡಬೇಕು. ಚಂದಾ ನಿಲ್ಲಿಸಿದರೆ ಹೆಸರಿನ ಮುಂದಿನ ಅಕ್ಷರಗಳೂ ಹೋಗುತ್ತವೆ. ಈ ನಡತೆಯ ನಿಯಮ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಕಂಟ್ರಾಕ್ಟರನ ಸಂಬಳ ಉಣ್ಣುವ ಸುರಕ್ಷತಾ ಅಧಿಕಾರಿ ಸುಳ್ಳು ವರದಿಗೆ ಸಹಿ ಹಾಕಬೇಕಾಗಿ ಬಂದಾಗ, “ಹಾಕಿದರೆ ನನ್ನ ಸದಸ್ಯತ್ವಕ್ಕೇ ಅಪಾಯ” ಎಂದು ಹೇಳಲು ಅವನಿಗೊಂದು ಆಸರೆಯಿರುತ್ತದೆ. ಒಂಟಿಯಾದವನಿಗೆ ಅದಿಲ್ಲ. ಸಂಘ ಕಟ್ಟಿ ಬದುಕಿದ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಅನುಭವ ತೋರಿಸುವುದೆಂದರೆ ಹೇಗೆ? ನಮ್ಮವರು ಎಡವುವುದು ಇಲ್ಲಿಯೇ. ಹತ್ತು ಹನ್ನೆರಡು ವರ್ಷ ಸೆಂಟ್ರಿಂಗ್ ಕಟ್ಟಿದವನ ಕೈಯಲ್ಲಿ ಒಂದು ತುಂಡು ಕಾಗದವಿರುವುದಿಲ್ಲ. ಮೇಸ್ತ್ರಿ ಕರೆದ, ಹೋದ. ಶನಿವಾರ ಬಟವಾಡೆ, ಕೆಲಸ ಮುಗಿದೊಡನೆ ಬೇರೆ ಸೈಟು. ಮಸ್ಟರ್ ರೋಲಿನಲ್ಲಿ ಅವನ ಹೆಸರಿತ್ತೋ ಇಲ್ಲವೋ ದೇವರೇ ಬಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯಿದೆಯಡಿ ಕಲ್ಯಾಣ ನಿಧಿಗೆ ಹೆಸರು ಬರೆಸಲು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕೆಂಬ ನಿಯಮವಿತ್ತು. ಆ 90 ದಿನಕ್ಕೆ ಸಾಕ್ಷಿ ಸಿಗದೆ ಅಲೆದವರು ಎಷ್ಟು ಮಂದಿ! ಇಟಲಿಯಲ್ಲಿ ಸಂಯೋಜಕನಾಗಲು ಯಾವ ಕ್ಲಬ್ಬಿನ ಸದಸ್ಯತ್ವವೂ ಬೇಡ. 120 ಗಂಟೆಗಳ ಪಾಠ, ಪರೀಕ್ಷೆ, ಮತ್ತು ಕಟ್ಟಡ ಕೆಲಸದಲ್ಲಿದ್ದುದಕ್ಕೆ ಕೆಲಸ ಕೊಟ್ಟವರ ದೃಢೀಕರಣ. ಹೆಚ್ಚು ಓದಿದವನಿಗೆ ಒಂದು ವರ್ಷದ ಅನುಭವ ಸಾಕು, ಡಿಪ್ಲೊಮಾದವನಿಗೆ ಮೂರು ವರ್ಷ ಬೇಕು. ಅಲ್ಲಿಯೂ ಕಾಗದವೇ, ಆದರೆ ಅದು ಕೆಲಸದ ಕಾಗದ. ನನಗೆ ಕೇಳಿದರೆ ಈ ಕ್ರಮವೇ ಹೆಚ್ಚು ನ್ಯಾಯವಾದದ್ದು.

ಓದಿಲ್ಲದ ಕೂಲಿಯವನಿಗೆ ಏನೂ ಇಲ್ಲವೇ ಎಂದು ಕೇಳಬಹುದು. ಬ್ರಿಟನ್ನಿನಲ್ಲಿ 1978ರ ಅಕ್ಟೋಬರಿನಿಂದ ಮಾನ್ಯತೆ ಪಡೆದ ಕಾರ್ಮಿಕ ಸಂಘಗಳು ತಮ್ಮೊಳಗಿಂದಲೇ ಸುರಕ್ಷತಾ ಪ್ರತಿನಿಧಿಗಳನ್ನು ನೇಮಿಸಬಹುದು. ಡಿಗ್ರಿ ಬೇಡ. ಸಾಧ್ಯವಾದ ಮಟ್ಟಿಗೆ ಎರಡು ವರ್ಷದ ಕೆಲಸದ ಅನುಭವವಿರಬೇಕು, ಅಷ್ಟೇ. ತರಬೇತಿಗೆ ಹೋದ ದಿನಗಳ ಸಂಬಳವನ್ನೂ ಮಾಲೀಕನೇ ಕೊಡಬೇಕು. ಸಂಯೋಜಕನೊಬ್ಬ ಎಷ್ಟೇ ಅಕ್ಷರ ಧರಿಸಿದ್ದರೂ, ಕೆಳಗಿನಿಂದ ಹೇಳುವ ಇಂಥ ಬಾಯಿ ಇಲ್ಲದಿದ್ದರೆ ಅವನಿಗೆ ಸೈಟು ಅರ್ಧವೇ ಕಾಣುತ್ತದೆ.

ನಮ್ಮ ದೇಶಕ್ಕೆ ಬಂದರೆ, 1996ರ ಕಾಯಿದೆಯು 500 ಅಥವಾ ಹೆಚ್ಚು ಕಟ್ಟಡ ಕಾರ್ಮಿಕರಿರುವಲ್ಲಿ ಸುರಕ್ಷತಾ ಅಧಿಕಾರಿ ಇರಬೇಕೆಂದಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಸಂಹಿತೆಯಲ್ಲಿ ಅದು 250ಕ್ಕೆ ಇಳಿದಿದೆ. ಅಷ್ಟರಮಟ್ಟಿಗೆ ಹುದ್ದೆಗಳು ಹೆಚ್ಚಬೇಕು. 1998ರ ಕೇಂದ್ರ ನಿಯಮಗಳು ಅಧಿಕಾರಿಗೆ ಮೂರು ಅರ್ಹತೆಗಳನ್ನು ವಿಧಿಸಿದ್ದವು. ಎಂಜಿನಿಯರಿಂಗ್ ಡಿಗ್ರಿಯ ಜೊತೆ ಎರಡು ವರ್ಷ, ಇಲ್ಲವೇ ಡಿಪ್ಲೊಮಾದ ಜೊತೆ ಐದು ವರ್ಷ, ಕಟ್ಟಡ ಕೆಲಸದ ಮೇಲ್ವಿಚಾರಣೆಯ ಅನುಭವ. ಕೈಗಾರಿಕಾ ಸುರಕ್ಷತೆಯಲ್ಲಿ ಡಿಗ್ರಿ ಅಥವಾ ಡಿಪ್ಲೊಮಾ. ಮೂರನೆಯದು, ಆ ಸೈಟಿನ ಬಹುಪಾಲು ಕೆಲಸಗಾರರು ಆಡುವ ಭಾಷೆಯ ಸಾಕಷ್ಟು ಜ್ಞಾನ. ವಿದೇಶದ ಸದಸ್ಯತ್ವದ ಮಾತು ಅದರಲ್ಲಿಲ್ಲ. ಮನೆಯಲ್ಲಿ ಕನ್ನಡ, ಲೈನಿನಲ್ಲಿ ತಮಿಳು, ಪೇಟೆಯಲ್ಲಿ ಮಲೆಯಾಳ ಆಡುತ್ತ ಬೆಳೆದ ನಮ್ಮ ಹುಡುಗ ಹುಡುಗಿಯರ ಬಳಿ ಆ ಮೂರನೆಯ ಅರ್ಹತೆ ಹುಟ್ಟಿನಿಂದಲೇ ಇದೆ. “ಮೇಲೆ ಹತ್ತಬೇಡ, ಹಲಗೆ ಸಡಿಲವಾಗಿದೆ” ಎಂಬ ಮಾತು ಕೇಳಿದವನಿಗೆ ತಿಳಿಯದಿದ್ದರೆ ಹೆಸರಿನ ಮುಂದಿನ ಅಕ್ಷರಗಳಿಂದ ಏನಾದೀತು? ಹೊಸ ಸಂಹಿತೆಯ ಕೆಳಗೂ ಈ ಅರ್ಹತೆಯನ್ನು ಬಿಡಬಾರದೆಂದು ನಮ್ಮ ಸಂಘಗಳು ಒತ್ತಾಯಿಸಬೇಕು.

ಆದುದರಿಂದ ಮಕ್ಕಳು ಡಿಪ್ಲೊಮಾ ಮುಗಿಸಲಿ, ಸೈಟಿನಲ್ಲಿ ವರ್ಷಗಳನ್ನು ಕಳೆಯಲಿ, ಸದಸ್ಯತ್ವಕ್ಕೆ ಆಮೇಲೆ ಅರ್ಜಿ ಹಾಕಲಿ. ಅಲ್ಲಿಯವರೆಗೆ ಒಂದು ನೋಟುಬುಕ್ಕು ಇಡಲಿ: ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಯಾವ ಕಟ್ಟಡ, ಎಷ್ಟು ಮಹಡಿ, ತಾನು ಮಾಡಿದ್ದೇನು, ಮೇಲೆ ಯಾರಿದ್ದರು. ರಜೆಗೆ ಊರಿಗೆ ಬರುವ ಮುಂಚೆ ಕಂಟ್ರಾಕ್ಟರರ ಆಫೀಸಿನಿಂದ ಅಷ್ಟನ್ನೇ ಒಂದು ಕಾಗದದಲ್ಲಿ ಬರೆಸಿ ಸಹಿ, ಮೊಹರು ಹಾಕಿಸಿ ತರಲಿ. ಅದನ್ನು ಇಂಗ್ಲಿಷಿನಲ್ಲಿ ಮೊದಲೇ ಬರೆದುಕೊಂಡು ಹೋದರೆ ಸಹಿ ಬೇಗ ಸಿಗುತ್ತದೆ. ಶಾಲೆಯ ಮಾಸ್ತರರನ್ನು ಕೇಳಿಕೊಂಡರೆ ಅವರು ಬರೆದುಕೊಟ್ಟಾರು.