ಮೂರು ಲಕ್ಷದ ಸಂಬಳ ಗಂಟೆಗೆ ಎಷ್ಟು ಬೀಳುತ್ತದೆ?

ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿ ಸುತ್ತಿನ ಊರುಗಳಲ್ಲಿ ಉಳುಮೆಗೆ ಟ್ರ್ಯಾಕ್ಟರ್ ಕರೆದರೂ, ಮಣ್ಣು ತೆಗೆಸಲು ಜೆಸಿಬಿ ಕರೆದರೂ ಮಾತು ನಡೆಯುವುದು ಗಂಟೆ ಲೆಕ್ಕದಲ್ಲಿ. ಕೂಲಿಯಾಳು ಕೂಡ ದಿನಕ್ಕೆ ಎಷ್ಟು, ಒಪ್ಪೊತ್ತಿಗೆ ಎಷ್ಟು ಎಂದು ಕೇಳಿಕೊಂಡೇ ಗದ್ದೆಗೆ ಇಳಿಯುತ್ತಾನೆ. ಅದೇ ಮನೆಯ ಮಗ ಡಿಪ್ಲೊಮಾ ಮುಗಿಸಿ ಮೈಸೂರಿನ ಹೂಟಗಳ್ಳಿಯಲ್ಲೋ ಹೆಬ್ಬಾಳದಲ್ಲೋ ಕೆಲಸಕ್ಕೆ ಸೇರಿದರೆ ಮಾತ್ರ ಎಲ್ಲರೂ ಕೇಳುವುದು ವರ್ಷದ ಪ್ಯಾಕೇಜ್. ಆ ಒಂದು ಅಂಕಿಯನ್ನು ನಂಬಿ ಬೈಕಿನ ಸಾಲ ಆಗುತ್ತದೆ, ಮದುವೆ ಮಾತುಕತೆ ಆಗುತ್ತದೆ. ವರ್ಷದ ಸಂಬಳವನ್ನು ಗಂಟೆಗೆ ಇಳಿಸಿ ನೋಡದೆ ಯಾವ ಕೆಲಸವನ್ನೂ ಒಪ್ಪಬಾರದು, ಆ ಗಂಟೆಯ ದರ ನೇಮಕಾತಿ ಪತ್ರದಲ್ಲೇ ಇರಬೇಕು ಎಂಬುದು ನನ್ನ ವಾದ.

ಕೆ.ಆರ್. ಪೇಟೆಯಿಂದ ದಿನಾ ಮೈಸೂರಿಗೆ ಓಡಾಡುವ ಹುಡುಗನೊಬ್ಬನಿಗೆ ಸಿಟಿಸಿ, ಅಂದರೆ ಕಂಪನಿ ಅವನಿಗೆಂದು ವರ್ಷಕ್ಕೆ ಮಾಡುವ ಒಟ್ಟು ಖರ್ಚು, 3 ಲಕ್ಷ ಎಂದಿಟ್ಟುಕೊಳ್ಳಿ. ವಾರಕ್ಕೆ 48 ಗಂಟೆಯಂತೆ ಭಾಗಿಸಿದರೆ ಗಂಟೆಗೆ 120 ರೂಪಾಯಿ. ಆದರೆ ತಿಂಗಳ ಆ 25 ಸಾವಿರದೊಳಗೆ ಕಂಪನಿಯ ಪಾಲಿನ ಪಿಎಫ್ 1,800, ಗ್ರಾಚ್ಯುಟಿಗೆಂದು ತೆಗೆದಿಟ್ಟ ಸುಮಾರು 700 ಅಡಗಿವೆ. ಅವನ ಪಾಲಿನ ಪಿಎಫ್ 1,800 ಬೇರೆ ಹೋಗುತ್ತದೆ. ಕೈಗೆ ಬರುವುದು 20,700. ಬಸ್ಸಿಗೆ ತಿಂಗಳಿಗೆ 2,000 ಕಳೆದರೆ ವರ್ಷಕ್ಕೆ ಉಳಿಯುವುದು 2,24,400. ಇನ್ನು ಹೊತ್ತಿನ ಲೆಕ್ಕ. ರಜೆಗಳನ್ನೆಲ್ಲ ಬಿಟ್ಟು 287 ದಿನ ಕೆಲಸ. ದಿನಕ್ಕೆ 8 ಗಂಟೆ ದುಡಿಮೆ, ಅರ್ಧ ಗಂಟೆ ಊಟದ ಬಿಡುವು, ಹೋಗಿಬರಲು 3 ಗಂಟೆ. ಒಟ್ಟು 3,300 ಗಂಟೆ. ಈಗ ಭಾಗಿಸಿ: 68 ರೂಪಾಯಿ. ಶಿಫ್ಟ್ ಮುಗಿದ ಮೇಲೂ ಒಂದು ಗಂಟೆ ಪುಕ್ಕಟೆ ನಿಲ್ಲಿಸಿಕೊಳ್ಳುವ ಕಡೆ ಅದು 63ಕ್ಕೆ ಇಳಿಯುತ್ತದೆ.

ಇದೇ ಹುಡುಗನಿಗೆ ತಾಲ್ಲೂಕಿನೊಳಗೇ, ಹೋಗಿಬರಲು ಅರ್ಧ ಗಂಟೆ ಸಾಕಾಗುವ ಕಡೆ, ಕೈಗೆ 15,500 ಬರುವ ಕೆಲಸ ಸಿಕ್ಕರೆ ಊರವರು ಅದನ್ನು ಕಡಿಮೆ ಸಂಬಳ ಎನ್ನುತ್ತಾರೆ. ಗಂಟೆಗೆ ಬೀಳುವುದು 72! ಮೇಲಾಗಿ ದಿನಕ್ಕೆ ಎರಡೂವರೆ ಗಂಟೆ ಮಿಗುತ್ತದೆ. ನಮ್ಮ ಕಡೆ ಅದು ಖಾಲಿ ಹೊತ್ತಲ್ಲ. ಹಸುವಿಗೆ ಹುಲ್ಲು ಕೊಯ್ದು ಡೇರಿಗೆ ಹಾಲು ಹಾಕಬಹುದು, ನಾಲೆಯಲ್ಲಿ ನೀರು ಬಿಟ್ಟಾಗ ಗದ್ದೆಗೆ ತಿರುಗಿಸಿಕೊಳ್ಳಬಹುದು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣ ಕೊಡುವ, 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯನ್ನೂ ಹೀಗೇ ಅಳೆಯಬೇಕು. ಅದೇ ಮೈಸೂರಿನ ಕೆಲಸಕ್ಕೆ ಹೋಗುವ ಹೆಣ್ಣುಮಗಳ ಗಂಟೆಯ ದರವನ್ನು ಅದು 75ಕ್ಕೆ ಏರಿಸಿದೆ. ಆದರೆ ಬಸ್ಸಿನಲ್ಲಿ ಕಳೆದ 3 ಗಂಟೆ ಅವಳಿಗೂ ವಾಪಸ್ ಬರುವುದಿಲ್ಲ.

ಪಿಎಫ್ ನಮ್ಮದೇ ದುಡ್ಡಲ್ಲವೇ ಎನ್ನುವವರಿದ್ದಾರೆ. ನಿಜ. ಎರಡೂ ಪಾಲು ಸೇರಿಸಿದರೆ 68 ಎಂಬುದು 81 ಆಗುತ್ತದೆ, 120 ಆಗುವುದಿಲ್ಲ. ಸಾಲದ ಕಂತು ಗಂಟೆ ಲೆಕ್ಕ ಕೇಳುವುದಿಲ್ಲ, ತಿಂಗಳಿಗೆ ಇಷ್ಟು ದುಡ್ಡು ಬೇಕು ಎನ್ನುವ ಮಾತು ಇದಕ್ಕಿಂತ ಗಟ್ಟಿಯಾದದ್ದು. ಕಷ್ಟದಲ್ಲಿರುವ ಮನೆಗೆ ಮೈಸೂರಿನ ಕೆಲಸದಲ್ಲಿ ಕೈಗೆ ಹೆಚ್ಚಿಗೆ ಬರುವ ಆ 5 ಸಾವಿರ ದೊಡ್ಡದೇ, ಅಂಥವರು ಮೈಸೂರಿಗೇ ಹೋಗಲಿ. ಆದರೆ ಆ ಹೆಚ್ಚಿನ ದುಡ್ಡಿಗೆ ತಮ್ಮ ಎಷ್ಟು ಹೊತ್ತು ಕೊಡುತ್ತಿದ್ದೇವೆ ಎಂಬುದು ತಿಳಿದೇ ಹೋಗಲಿ. ಚಿಕ್ಕ ವಯಸ್ಸಿನಲ್ಲಿ ಗಂಟೆ ಎಣಿಸಬಾರದು ಎಂಬ ಉಪದೇಶವನ್ನು ಮಾತ್ರ ನಾನು ಒಪ್ಪಲಾರೆ. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಇನ್ಫೋಸಿಸ್ ಸಹಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿಯವರು 2023ರ ಅಕ್ಟೋಬರಿನಲ್ಲಿ ಹೇಳಿದ್ದರು. ಅದೇ ಸಂಬಳಕ್ಕೆ 48ರ ಬದಲು 70 ಗಂಟೆ ದುಡಿದರೆ ಗಂಟೆಯ ದರ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಕುಸಿಯುತ್ತದೆ. ಅನುಭವ ಸಿಗುತ್ತದೆ ಎನ್ನುವವರು ಈ ಕಡಿತವನ್ನೂ ಬಾಯಿಬಿಟ್ಟು ಹೇಳಬೇಕು.

ಪ್ರಯಾಣದ ಹೊತ್ತಿಗೆ ಕಂಪನಿ ಹೊಣೆಯಲ್ಲ ಎಂಬುದನ್ನು ಒಪ್ಪೋಣ. ಅದನ್ನು ಕೆಲಸಕ್ಕೆ ಹೋಗುವವರೇ ಸೇರಿಸಿಕೊಳ್ಳಲಿ. ಕೈಗೆ ಬರುವ ಹಣ, ಕೆಲಸದ ಅವಧಿ, ಇವೆರಡರಿಂದ ಬರುವ ಗಂಟೆಯ ದರ ಇವಿಷ್ಟನ್ನು ಸಿಟಿಸಿ ಪಕ್ಕದಲ್ಲೇ ಅಚ್ಚು ಹಾಕಿಸಲು ಕಂಪನಿಗಳಿಗೆ ಕಷ್ಟವೇನಿದೆ? ಕಾರ್ಖಾನೆಗಳಲ್ಲಿ ಓವರ್‌ಟೈಮ್‌ಗೆ ದುಪ್ಪಟ್ಟು ದರ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ದುಪ್ಪಟ್ಟು ಕೊಡಬೇಕಾದರೆ ಒಂದು ಗಂಟೆಯ ದರ ಮೊದಲೇ ಗೊತ್ತಿರಬೇಕು. ಕೆ.ಆರ್. ಪೇಟೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಕ್ಯಾಂಪಸ್ ಆಯ್ಕೆಗೆ ಬರುವ ಕಂಪನಿಗಳಿಂದಲೇ ಕಾರ್ಮಿಕ ಇಲಾಖೆ ಈ ನಿಯಮ ಶುರುಮಾಡಲಿ.