ಶಾಲೆಯ ಅಂಗಳಕ್ಕೊಂದು ಪಂಚೇಂದ್ರಿಯಗಳ ತೋಟ

ನಮ್ಮ ಶಾಲೆಗಳಲ್ಲಿ ವಿದ್ಯೆಯು ಬಹುಮಟ್ಟಿಗೆ ಕಣ್ಣು ಕಿವಿಗಳೆಂಬ ಎರಡೇ ದ್ವಾರಗಳಿಂದ ಮಗುವಿನ ಅಂತರಂಗವನ್ನು ಪ್ರವೇಶಿಸಬೇಕಾಗಿದೆ. ಕರಿಹಲಗೆಯ ಮೇಲೆ ಬರೆದುದನ್ನು ನೋಡುವುದು, ಉಪಾಧ್ಯಾಯರು ಹೇಳಿದುದನ್ನು ಕೇಳುವುದು, ಇವುಗಳ ವಿನಾ ಮೂಗು, ನಾಲಗೆ, ಚರ್ಮಗಳಿಗೆ ಅಲ್ಲಿ ಉದ್ಯೋಗವೇ ಇಲ್ಲ. ದೃಷ್ಟಿಯೋ ಶ್ರವಣವೋ ಮಂದವಾಗಿರುವ ಮಗುವಿನ ಪಾಲಿಗಾದರೆ ಆ ಎರಡರಲ್ಲಿಯೂ ಒಂದು ಮುಚ್ಚಿದೆ. ಆದುದರಿಂದ ಮೂಸಿ, ಮುಟ್ಟಿ, ಆಲಿಸಿ, ಸವಿದು ಅರಿಯಬಹುದಾದ ತೋಟವೊಂದನ್ನು ಶಾಲೆಯ ಅಂಗಳದಲ್ಲಿ ಊರವರೇ ಕೂಡಿ ಬೆಳೆಸಬೇಕೆಂದೂ, ಬೆಳೆಸಿದುದನ್ನು ಬೇಸಗೆಯಲ್ಲಿ ಕಾಯುವ ಹೊಣೆಯನ್ನೂ ಅವರೇ ಹೊರಬೇಕೆಂದೂ ನಾನು ಬಿನ್ನವಿಸುತ್ತೇನೆ.

ಈ ವಿಚಾರ ಹೊಸದೇನೂ ಅಲ್ಲ. ಇಂದ್ರಿಯಗಳ ಸಂಸ್ಕಾರವೇ ಬುದ್ಧಿಯ ಸಂಸ್ಕಾರಕ್ಕೆ ತಳಹದಿಯೆಂದು ನಂಬಿ 1907ರಲ್ಲಿ ರೋಮ್ ನಗರದಲ್ಲಿ ಶಿಶುವಿಹಾರವನ್ನು ತೆರೆದ ಮಾರಿಯಾ ಮಾಂಟೆಸೊರಿಯವರು 1939ರಲ್ಲಿ ಮದರಾಸಿನ ಅಡಯಾರಿಗೆ ಬಂದು ನಮ್ಮ ದೇಶದ ಶಿಕ್ಷಕರಿಗೂ ಅದೇ ತತ್ತ್ವವನ್ನು ಬೋಧಿಸಿದರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣವನ್ನು ನಾಲ್ಕು ಗೋಡೆಗಳಿಂದಾಚೆಗೆ ಕರೆತಂದರು. ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಗುರುತಿಸಿದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಅಂತಹ ಮಕ್ಕಳೂ ಇತರರೊಡನೆ ಕುಳಿತು ಕಲಿಯಬೇಕೆಂದು ವಿಧಿಸಿದೆ. ಅದಕ್ಕಾಗಿ ಎಷ್ಟೋ ಶಾಲೆಗಳ ಮುಂದೆ ಇಳಿಜಾರಿನ ದಾರಿಗಳು ನಿರ್ಮಾಣಗೊಂಡಿವೆ. ಆದರೆ ಆ ದಾರಿಯನ್ನೇರಿ ಒಳಬಂದ ಮಗುವಿಗೆ ತನ್ನ ಸಂಗಡಿಗರೊಡನೆ ಸರಿಸಮನಾಗಿ ಆನಂದಿಸುವಂತಹುದೇನನ್ನು ನಾವು ಅಲ್ಲಿರಿಸಿದ್ದೇವೆ?

ಇಂತಹ ತೋಟಕ್ಕೆ ದೂರದೇಶದ ಬೀಜಗಳು ಬೇಕಿಲ್ಲ. ಪರಿಮಳವೆಂದೊಡನೆ ಮನಸ್ಸು ಮಲ್ಲಿಗೆಯತ್ತ ಹರಿಯುವುದು ಸಹಜವಾದರೂ, ಮಲ್ಲಿಗೆ ಅರಳುವುದು ಶಾಲೆಯ ಬಾಗಿಲು ಮುಚ್ಚಿದ ಮೇಲೆ, ಸಂಜೆಯಲ್ಲಿ. ಎಂತಲೇ ಬೆರಳಿನಿಂದ ಉಜ್ಜಿದ ಯಾವ ಗಳಿಗೆಯಲ್ಲಾದರೂ ಕಂಪನ್ನೀಯುವ ದವನ, ಮರುಗ, ತುಳಸಿ, ಮಜ್ಜಿಗೆಹುಲ್ಲುಗಳೂ, ಇರುಳಲ್ಲಿ ಅರಳಿ ಮಕ್ಕಳು ಬರುವ ಹೊತ್ತಿಗೆ ಹೂಗಳನ್ನು ನೆಲಕ್ಕೆ ಚೆಲ್ಲಿರುವ ಪಾರಿಜಾತವೂ ಇಲ್ಲಿಗೆ ಹೆಚ್ಚು ಉಚಿತವಾದುವು. ಸ್ಪರ್ಶಕ್ಕೆ ದೊಡ್ಡಪತ್ರೆಯ ರೋಮಮಯವಾದ ದಪ್ಪ ಎಲೆ, ಕೋಳಿಜುಟ್ಟಿನ ಹೂವಿನ ಮಖಮಲ್ಲು, ಮುಟ್ಟಿದೊಡನೆ ಮುದುಡುವ ಮುಟ್ಟಿದರೆಮುನಿ. ಶ್ರವಣಕ್ಕೆ ಗಾಳಿಗೆ ನರಳುವ ಬಿದಿರು, ಒಣಗಿದ ಕಾಯಿಗಳನ್ನು ಗಲಗಲನೆ ಅಲುಗಿಸುವ ಬಾಗೆಮರ. ರಸನೆಗೆ ಪುಂಡಿಸೊಪ್ಪಿನ ಹುಳಿಯೂ, ಮೇಲೆ ಕುಡಿದ ನೀರನ್ನು ಸಿಹಿಯಾಗಿಸುವ ನೆಲ್ಲಿಯ ಒಗರೂ ಸಾಕು. ಆದರೆ ಮಕ್ಕಳು ಬಾಯಿಗಿಡುವ ತೋಟದಲ್ಲಿ ಉಮ್ಮತ್ತಿ, ಹರಳು, ಗುಲಗಂಜಿಗಳಿಗೂ, ದನ ಮೇಯದೆಂಬ ಕಾರಣದಿಂದ ಬೇಲಿಯುದ್ದಕ್ಕೂ ನೆಡುವ ಕಣಗಿಲೆಗೂ ಎಡೆಯಿರಕೂಡದು. ಯಾವ ಎಲೆ ಮದ್ದು, ಯಾವುದು ನಂಜು ಎಂಬ ತಿಳಿವಳಿಕೆ ಊರಿನ ಅಜ್ಜಿಯರಲ್ಲಿ ಇನ್ನೂ ಉಳಿದಿರುವುದರಿಂದ, ಗಿಡಗಳನ್ನು ಆರಿಸುವಾಗ ಅವರನ್ನೇ ಮೊದಲು ಕರೆಯಬೇಕು.

ತೋಟದ ರಚನೆಯಲ್ಲಿಯೂ ವಿವೇಚನೆ ಬೇಕು. ಗಾಲಿಕುರ್ಚಿಯ ಮಗುವಿನ ಕೈಗೆಟಕುವಂತೆ ಪಾತಿಗಳು ಎರಡು ಅಡಿಗಳಷ್ಟು ಎತ್ತರದಲ್ಲಿಯೂ, ನಡುವಿನ ದಾರಿ ನಾಲ್ಕು ಅಡಿ ಅಗಲವಾಗಿಯೂ ಜಲ್ಲಿಕಲ್ಲಿಲ್ಲದೆ ಸಮತಟ್ಟಾಗಿಯೂ ಇರಬೇಕು. ಕಣ್ಣು ಕಾಣದ ಮಗು ಹಿಡಿದು ನಡೆಯಲು ಬಿದಿರಿನ ಕೈಪಿಡಿಯೊಂದು ಪಾತಿಯ ಗುಂಟ ಸಾಗಬೇಕು. ಗದ್ದಲವೂ ತೀಕ್ಷ್ಣಗಂಧವೂ ಸಹ್ಯವಾಗದ, ಸ್ವಲೀನತೆಯುಳ್ಳ ಮಗುವಿಗಾಗಿ ನೆರಳಿನ ಮೂಲೆಯೊಂದು ಪ್ರಶಾಂತವಾಗಿರಬೇಕು. ಊರಿನ ಗಾರೆಯವರೂ ಬಡಗಿಯೂ ಕೆಲವು ದಿನಗಳ ಶ್ರಮದಾನ ಮಾಡಿದರೆ ಇವೆಲ್ಲವೂ ಸಾಧ್ಯ.

ಗಿಡ ನೆಡುವ ಉತ್ಸಾಹಕ್ಕೆ ನಮ್ಮಲ್ಲಿ ಎಂದೂ ಕೊರತೆಯಿಲ್ಲ. 1950ರಲ್ಲಿ ಕೆ.ಎಂ. ಮುನ್ಶಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಮಳೆಗಾಲ ಮಳೆಗಾಲಕ್ಕೂ ಶಾಲೆಗಳಲ್ಲಿ ಸಸಿಗಳು ನೆಲ ಸೇರುತ್ತಲೇ ಇವೆ. ಆದರೆ ಏಪ್ರಿಲ್ ಮೇ ತಿಂಗಳುಗಳಲ್ಲಿ ಶಾಲೆಗೆ ಬೀಗ ಬಿದ್ದು, ಮಕ್ಕಳು ಅಜ್ಜಿಯ ಮನೆಗೂ ಉಪಾಧ್ಯಾಯರು ತಂತಮ್ಮ ಊರುಗಳಿಗೂ ತೆರಳಿದ ಮೇಲೆ, ಎಳೆಯ ಬೇರುಗಳಿಗೆ ನೀರೆರೆಯುವವರು ಇಲ್ಲವಾಗುತ್ತಾರೆ. ಶಾಲೆ ನಡೆಯುವ ದಿನಗಳಲ್ಲಿ ಬಿಸಿಯೂಟದ ಮಕ್ಕಳು ಕೈತೊಳೆದ ನೀರನ್ನೇ ಪಾತಿಗೆ ಹರಿಯಿಸಬಹುದು. ರಜೆಯಲ್ಲಿ ಊರಿನ ಕೈಗಳೇ ಗತಿ. ಸ್ವಯಂಸೇವೆಯೆಂಬುದರ ನಿಜವಾದ ಪರೀಕ್ಷೆ ಇರುವುದು ಸಸಿ ನೆಡುವ ಜೂನ್ 5ರ ವಿಶ್ವ ಪರಿಸರ ದಿನದಲ್ಲಲ್ಲ, ಕೊಡ ಹೊರಬೇಕಾದ ಈ ಉರಿಬಿಸಿಲಿನ ದಿನಗಳಲ್ಲಿ.

ಓದು ಬರಹವೇ ಹಿಂದುಳಿದಿರುವಾಗ ತೋಟವೇಕೆಂದು ಕೆಲವರು ಕೇಳಬಹುದು. ಎಸಳನ್ನೆಣಿಸುವುದು ಗಣಿತವೆಂಬುದನ್ನೂ, ತಾನು ಮೂಸಿದ ಎಲೆಯನ್ನು ಬಣ್ಣಿಸಲೆಳಸುವ ಮಗು ಪದಗಳನ್ನು ತಾನಾಗಿ ಅರಸುತ್ತದೆಂಬುದನ್ನೂ ಅವರು ನೆನೆಯಬೇಕು. ಉಪಾಧ್ಯಾಯರ ಮೇಲೆ ಮತ್ತೊಂದು ಭಾರವೇಕೆಂಬ ಆಕ್ಷೇಪ ಮಾತ್ರ ನ್ಯಾಯವಾದುದು. ಊರವರು ಕೈಗೂಡಿಸಬೇಕೆನ್ನುವುದೂ ಅದಕ್ಕಾಗಿಯೇ.

ಆದುದರಿಂದ ಪ್ರತಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೂ, ಹಳೆಯ ವಿದ್ಯಾರ್ಥಿಗಳನ್ನೂ ಸ್ತ್ರೀಶಕ್ತಿ ಸಂಘಗಳನ್ನೂ ಬರಿಸಿಕೊಂಡು, ಬೇಸಗೆಯ ಎರಡು ತಿಂಗಳುಗಳಿಗೆ ನೀರೆರೆಯುವವರ ಸರದಿಯ ಪಟ್ಟಿಯನ್ನು ಮೊದಲು ಸಿದ್ಧಪಡಿಸಲಿ. ಆ ಪಟ್ಟಿಯ ಪ್ರತಿ ದಿನದೆದುರಿಗೂ ಒಂದು ಮನೆಯ ಹೆಸರು ಬಿದ್ದ ತರುವಾಯವೇ ತೋಟದ ಮೊದಲ ಗುಣಿಯನ್ನು ತೋಡಲಿ.