ಐಸಿಯು ಬಾಗಿಲಲ್ಲಿ ಇಪ್ಪತ್ತು ಮಂದಿ ಯಾಕೆ?

ಯಲ್ಲಾಪುರದಲ್ಲಿ ಯಾರಿಗಾದರೂ ಸೀರಿಯಸ್ ಆದರೆ ನಮಗೆ ಮೊದಲು ನೆನಪಾಗುವುದು ಹುಬ್ಬಳ್ಳಿ. ತಾಲೂಕು ಆಸ್ಪತ್ರೆಯಲ್ಲಿ ಪ್ರಥಮ ಚಿಕಿತ್ಸೆ, ಆಮೇಲೆ ಆಂಬುಲೆನ್ಸ್‌ನಲ್ಲಿ ಸುಮಾರು 70 ಕಿಲೋಮೀಟರ್. 2025ರ ಜನವರಿ 22ರ ಬೆಳಗಿನ ಜಾವ ಸವಣೂರಿನ ವ್ಯಾಪಾರಿಗಳ ತರಕಾರಿ ಲಾರಿ ನಮ್ಮ ಗುಳ್ಳಾಪುರದ ಬಳಿ ಕಂದಕಕ್ಕೆ ಉರುಳಿ ಹತ್ತು ಮಂದಿ ತೀರಿಹೋದರಲ್ಲ, ಅಲ್ಲಾಹನು ಅವರಿಗೆ ಮಗ್ಫಿರತ್ ನೀಡಲಿ, ಆವತ್ತೂ ಹೆಚ್ಚು ಪೆಟ್ಟಾದವರನ್ನು ಒಯ್ದದ್ದು ಹುಬ್ಬಳ್ಳಿಯ ಕಿಮ್ಸ್‌ಗೇ.

ದೊಡ್ಡ ಆಸ್ಪತ್ರೆಯ ಐಸಿಯುನಲ್ಲಿ ರಾತ್ರಿ ಎರಡು ಗಂಟೆಗೆ ನಮ್ಮವರ ಪಕ್ಕ ಯಾರಿರ್ತಾರೆ? ದೊಡ್ಡ ಡಾಕ್ಟರ್ ಬೆಳಿಗ್ಗೆ ರೌಂಡ್ಸಿಗೆ ಬರ್ತಾರೆ. ರಾತ್ರಿ ಇರುವುದು ಹೆಚ್ಚಾಗಿ ಇಪ್ಪತ್ತೈದು, ಇಪ್ಪತ್ತೇಳು ಪ್ರಾಯದ ಪಿಜಿ ಮಕ್ಕಳು ಮತ್ತು ನರ್ಸ್‌ಗಳು. ವೆಂಟಿಲೇಟರ್ ಅಲಾರಂ ಹೊಡೆದರೆ ಓಡಬೇಕು. ಬಿಪಿ ಇಳಿದರೆ ಔಷಧದ ಪ್ರಮಾಣ ಬದಲಿಸಬೇಕು. ಕೈಮೀರುತ್ತದೆ ಅನಿಸಿದರೆ ಸೀನಿಯರ್‌ಗೆ ಫೋನ್ ಮಾಡಬೇಕು. ಕೊನೆಗೆ ಹೊರಗೆ ಬಂದು "ಉಳಿಸಲಿಕ್ಕಾಗಲಿಲ್ಲ" ಅಂತ ಹೇಳಬೇಕಾದವರೂ ಅವರೇ.

ಇಂಥವರ ದುಡಿಮೆ ವಾರಕ್ಕೆ 48 ಗಂಟೆ, ಒಂದೇ ಸಲಕ್ಕೆ 12 ಗಂಟೆ ಮೀರಬಾರದು ಅಂತ ಕೇಂದ್ರ ಸರ್ಕಾರ 1992ರಲ್ಲೇ ಸೂಚನೆ ಕೊಟ್ಟಿತ್ತು. ಅದು ಹೆಚ್ಚಿನ ಕಡೆ ಕಾಗದದಲ್ಲೇ ಉಳಿಯಿತು. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ವೈದ್ಯೆ, ದೀರ್ಘ ಪಾಳಿಯ ನಡುವೆ ದಣಿದು ಸೆಮಿನಾರ್ ಹಾಲ್‌ನಲ್ಲಿ ಮಲಗಿದ್ದವಳು. ನಮ್ಮ ಬ್ಯಾರಿ ಮನೆಗಳ ಹೆಣ್ಮಕ್ಕಳೂ ಈಗ ಎಂಬಿಬಿಎಸ್ ಓದ್ತಿದ್ದಾರೆ. ಸೀಟು ಸಿಕ್ಕಿದ ದಿನ ಶಾಲು ಹೊದೆಸಿ ಫೋಟೋ ತೆಗೆಸ್ತೇವೆ. ಆಮೇಲೆ ಆ ಮಗು ಎಷ್ಟು ಗಂಟೆ ನಿದ್ದೆ ಮಾಡ್ತದೆ ಅಂತ ಕೇಳುವವರಿಲ್ಲ.

ನಮ್ಮ ಕಡೆಯಿಂದ ಆಗುವುದೇನು? ರೋಗಿ ಒಬ್ಬ, ಬಾಗಿಲಲ್ಲಿ ಇಪ್ಪತ್ತು ಮಂದಿ. ಕಾಕ ಕೇಳಿದ ಪ್ರಶ್ನೆಯನ್ನೇ ಭಾವ ಕೇಳ್ತಾನೆ, ಗಲ್ಫಿನಿಂದ ಫೋನ್ ಮಾಡಿದ ಮಗನಿಗೂ ಡಾಕ್ಟರೇ ಹೇಳಬೇಕು! ಆ ಹೊತ್ತಿಗೆ ಒಳಗೆ ಇನ್ನೊಬ್ಬರ ಉಮ್ಮ ಉಸಿರಾಟಕ್ಕೆ ಒದ್ದಾಡುತ್ತಿರಬಹುದು. ರೋಗಿಯನ್ನು ಕಾಣುವುದು ದೀನಿನಲ್ಲಿ ಒಂದು ಹಕ್ಕು, ನಿಜ. ಆದರೆ ಅದು ರೋಗಿಯ ಹಕ್ಕು, ನಮ್ಮದಲ್ಲ. ಸೋಂಕು ಒಯ್ದುಕೊಟ್ಟು ಬಂದರೆ ಆ ಹಕ್ಕು ಸಂದಾಯವಾದಂತೆ ಆಗುವುದಿಲ್ಲ.

ದೂರುಗಳಲ್ಲಿ ನ್ಯಾಯವೂ ಇದೆ. ಬಿಲ್ಲು ಏರ್ತದೆ, ಅರ್ಥವಾಗುವ ಹಾಗೆ ಯಾರೂ ಹೇಳುವುದಿಲ್ಲ. ಆದರೆ ಬಿಲ್ಲು ಬರೆದವಳು ಆ ಹುಡುಗಿಯಲ್ಲ. ದೂರನ್ನು ಆಸ್ಪತ್ರೆಯ ಅಧೀಕ್ಷಕರಿಗೆ ಬರೆದು ಕೊಡಬೇಕು. ಅವಳ ಮೇಲೆ ಕೈಮಾಡಿದರೆ 2009ರ ರಾಜ್ಯ ಕಾನೂನಿನಲ್ಲಿ ಜೈಲಿದೆ. ಕಾನೂನಿಗೆ ಹೆದರಿಯೇ ನಾವು ಸುಮ್ಮನಿರಬೇಕಾ?

ಜಮಾಅತ್‌ಗಳು ಜುಮಾದ ನಂತರ ಒಂದು ಮಾತು ನಿಕ್ಕಿ ಮಾಡಲಿ. ಐಸಿಯು ಬಾಗಿಲಲ್ಲಿ ಮನೆಯವರಲ್ಲಿ ಒಬ್ಬರು, ಓದು ಬರಹ ಗೊತ್ತಿರುವವರು, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ದಿನಕ್ಕೆ ಒಮ್ಮೆ ಕೇಳಲಿ. ಫೋನ್ ಮಾಡಿದವರಿಗೆಲ್ಲ ಅವರೇ ಹೇಳಲಿ. ಯುವಕರು ರಕ್ತ ಕೊಡಲಿ, ಹೊರಗೆ ಕೂತವರಿಗೆ ಊಟ ತಲುಪಿಸಲಿ. ಉಳಿದವರಿಗೆ ಯಾಸೀನ್ ಓದಲು ನಮ್ಮ ಮಸೀದಿಗಳಲ್ಲಿ ಬೇಕಾದಷ್ಟು ಜಾಗವಿದೆ.